ಮೂಳೆ ರೋಗಗಳಿಗೆ ಕಾಂಡಕೋಶ ಮತ್ತು ಜೀನ್ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಅರಸೀಕೆರೆ, ಸಕಲೇಶಪುರ, ಕಡೂರು, ಮೂಡಿಗೆರೆ ಕಡೆಯವರು ಪತ್ರದಲ್ಲಿ, ಫೋನಿನಲ್ಲಿ, ಆರೋಗ್ಯ ಮಾಹಿತಿ ಸಭೆ ಮುಗಿದ ಮೇಲೆ ಎಕ್ಸ್‌ರೇ ಕವರ್ ಕೈಯಲ್ಲಿ ಹಿಡಿದು ನಿಂತು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇವೆ. ಉತ್ತರಗಳು ಸಂಶೋಧನೆ ಈಗ ಎಲ್ಲಿದೆ ಎಂಬುದನ್ನು ತಿಳಿಸುತ್ತವೆಯೇ ಹೊರತು, ನಿಮ್ಮನ್ನು ಪರೀಕ್ಷಿಸಿದ ವೈದ್ಯರ ಸಲಹೆಯ ಜಾಗದಲ್ಲಿ ನಿಲ್ಲುವುದಿಲ್ಲ.

## ಮೊದಲು ತಿಳಿಯಬೇಕಾದದ್ದು

ಮೂಳೆ ಅಂದರೆ ಗಟ್ಟಿ ವಸ್ತು. ಅದರಲ್ಲಿ ಜೀವಕೋಶ ಎಲ್ಲಿಂದ ಬಂತು?

ಮೂಳೆ ಜೀವಂತ ಅಂಗಾಂಶ. ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳ ಮೇಲೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳುಗಳು ಕೂತು ಅದಕ್ಕೆ ಬಲ ಬರುತ್ತದೆ. ನಾರು ಕೆಟ್ಟರೆ ಮೂಳೆ ಸುಲಭವಾಗಿ ಮುರಿಯುತ್ತದೆ. ಹರಳು ಸಾಲದಿದ್ದರೆ ಬಾಗುತ್ತದೆ. ಹೊಸ ಮೂಳೆಯನ್ನು ಕಟ್ಟುವ ಕೋಶಗಳಿಗೆ ಆಸ್ಟಿಯೋಬ್ಲಾಸ್ಟ್ ಎಂದೂ, ಹಳೆಯದನ್ನು ಕರಗಿಸಿ ತೆಗೆಯುವ ಕೋಶಗಳಿಗೆ ಆಸ್ಟಿಯೋಕ್ಲಾಸ್ಟ್ ಎಂದೂ ಹೆಸರು. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಹೀಗೆ ಹೊಸದಾಗುತ್ತಿರುತ್ತದೆ. ಈ ಎರಡು ಬಗೆಯ ಕೋಶಗಳ ಮೂಲ ಒಂದೇ ಅಲ್ಲ. ಕರಗಿಸುವ ಕೋಶ ರಕ್ತವನ್ನು ಹುಟ್ಟಿಸುವ ಕಾಂಡಕೋಶದಿಂದ (ಸ್ಟೆಮ್ ಸೆಲ್, ಅಂದರೆ ಬೇರೆ ಕೋಶಗಳನ್ನು ಹುಟ್ಟಿಸಬಲ್ಲ ಮೂಲ ಕೋಶ) ಬರುತ್ತದೆ. ಕಟ್ಟುವ ಕೋಶ ಅಸ್ಥಿಮಜ್ಜೆಯಲ್ಲೇ ಇರುವ ಇನ್ನೊಂದು ವಂಶದ ಕೋಶದಿಂದ ಬರುತ್ತದೆ. ಕೆಳಗಿನ ಬಹುಪಾಲು ಉತ್ತರಗಳು ಈ ಒಂದು ವ್ಯತ್ಯಾಸವನ್ನು ಆಧರಿಸಿವೆ. 'ಮೂಳೆಗೆ ಕಾಂಡಕೋಶ ಚಿಕಿತ್ಸೆ ಇದೆಯೇ' ಎಂದು ಕೇಳುವ ಮೊದಲು, ನಮ್ಮ ಕಾಯಿಲೆಯಲ್ಲಿ ಕೆಟ್ಟಿರುವುದು ಯಾವ ಕೋಶ ಎಂದು ಕೇಳಬೇಕು.

ಸ್ಟೆಮ್ ಸೆಲ್ ಎಂದರೆ ಒಂದೇ ಬಗೆಯದಾ?

ಅಲ್ಲ. ಮೂಳೆಯ ವಿಷಯದಲ್ಲಿ ಮೂರು ಬಗೆಯನ್ನು ತಿಳಿದಿದ್ದರೆ ಸಾಕು. ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ದಶಕಗಳಿಂದ ಅಸ್ಥಿಮಜ್ಜೆ ಕಸಿಯಲ್ಲಿ ಬಳಸಲಾಗುತ್ತಿದೆ. ಎರಡನೆಯದು ಮೆಸೆಂಕೈಮಲ್ ಕೋಶ. ಮಜ್ಜೆಯಲ್ಲಿ ಮೂಳೆ ಕಟ್ಟಬಲ್ಲ ಇಂಥ ಕೋಶಗಳಿವೆ ಎಂದು ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೀನ್ 1960ರ ದಶಕದಿಂದ ತೋರಿಸುತ್ತ ಬಂದರು. 1991ರಲ್ಲಿ ಅವಕ್ಕೆ 'ಮೆಸೆಂಕೈಮಲ್ ಸ್ಟೆಮ್ ಸೆಲ್' ಎಂಬ ಹೆಸರನ್ನು ಬಳಕೆಗೆ ತಂದ ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ ಆ ಹೆಸರನ್ನು ಬಿಡೋಣ ಎಂದರು. ದೇಹಕ್ಕೆ ಚುಚ್ಚಿದ ಈ ಕೋಶಗಳು ಹೊಸ ಅಂಗಾಂಶವಾಗಿ ಬೆಳೆಯುವುದಕ್ಕಿಂತ ಹೆಚ್ಚಾಗಿ ಸುತ್ತಲಿನ ಕೋಶಗಳಿಗೆ ರಾಸಾಯನಿಕ ಸಂಕೇತ ಕೊಡುತ್ತವೆ ಎಂಬುದು ಅವರ ವಾದ. ಮೂರನೆಯದು, ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ತೋರಿಸಿದಂತೆ, ಸಾಮಾನ್ಯ ಚರ್ಮದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಪಡೆಯುವ ಕಾಂಡಕೋಶ. ಇದಕ್ಕೆ ಅವರಿಗೆ 2012ರಲ್ಲಿ ನೊಬೆಲ್ ಬಂತು. ಮೂಳೆ ರೋಗಗಳಲ್ಲಿ ಇದರ ಮುಖ್ಯ ಬಳಕೆ ಸದ್ಯಕ್ಕೆ ಪ್ರಯೋಗಾಲಯದಲ್ಲಿ ರೋಗವನ್ನು ಅರಿಯುವುದಕ್ಕೆ.

ಜೀನ್ ಚಿಕಿತ್ಸೆ ಮತ್ತು ಸ್ಟೆಮ್ ಸೆಲ್ ಚಿಕಿತ್ಸೆ ಎರಡೂ ಒಂದೇ ಅಲ್ಲವೇ?

ಕೆಲವೊಮ್ಮೆ ಜೊತೆಯಾಗುತ್ತವೆ, ಆದರೆ ಒಂದೇ ಅಲ್ಲ. ಕಾಂಡಕೋಶ ಚಿಕಿತ್ಸೆಯಲ್ಲಿ ಕೋಶವನ್ನು ಕೊಡುತ್ತಾರೆ. ಜೀನ್ ಚಿಕಿತ್ಸೆಯಲ್ಲಿ ಕೋಶದೊಳಗಿನ ಸೂಚನೆಯನ್ನು ಬದಲಿಸುತ್ತಾರೆ: ನಿರುಪದ್ರವಿಯಾಗಿಸಿದ ವೈರಸ್ಸಿನ ಮೂಲಕ ಸರಿಯಾದ ಜೀನನ್ನು ನೇರವಾಗಿ ದೇಹಕ್ಕೆ ಕಳಿಸುತ್ತಾರೆ, ಇಲ್ಲವೇ ರೋಗಿಯ ಕಾಂಡಕೋಶಗಳನ್ನು ಹೊರತೆಗೆದು ಲ್ಯಾಬಿನಲ್ಲಿ ತಿದ್ದಿ ಮರಳಿ ಕೊಡುತ್ತಾರೆ. ಈ ಎರಡನೇ ದಾರಿಯಲ್ಲಿ ಎರಡೂ ಚಿಕಿತ್ಸೆಗಳು ಕೂಡುತ್ತವೆ.

## ನಮ್ಮ ಕಡೆ ಹೆಚ್ಚು ಕಾಣುವ ತೊಂದರೆಗಳು

ಅಮ್ಮನಿಗೆ ಎರಡೂ ಮಂಡಿ ಸವೆದಿವೆ. ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಿದರೆ ಆಪರೇಷನ್ ತಪ್ಪುತ್ತದಾ?

ನಮಗೆ ಬರುವ ಪತ್ರಗಳಲ್ಲಿ ಈ ಪ್ರಶ್ನೆಯೇ ಹೆಚ್ಚು. ಮಂಡಿಯಲ್ಲಿ ಮೊದಲು ಸವೆಯುವುದು ಮೂಳೆಯಲ್ಲ, ಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿ. ಅದಕ್ಕೆ ರಕ್ತನಾಳಗಳಿಲ್ಲದ ಕಾರಣ ತಾನಾಗಿ ಮಾಯುವ ಶಕ್ತಿ ತೀರ ಕಡಿಮೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಮೆಸೆಂಕೈಮಲ್ ಕೋಶಗಳ ಉತ್ಪನ್ನಕ್ಕೆ 2022ರಲ್ಲಿ ಭಾರತದ ಔಷಧ ಮಹಾನಿಯಂತ್ರಕರಿಂದ ಮಂಡಿ ಸವೆತಕ್ಕೆ ಬಳಸಲು ಅನುಮತಿ ಸಿಕ್ಕಿದೆ. ನೋವು ಇಳಿಯುವುದು, ನಡಿಗೆ ಸುಧಾರಿಸುವುದು ಅದರ ಗುರಿ. ಪೂರ್ತಿ ಸವೆದು ಕಾಲು ಬಿಲ್ಲಿನಂತೆ ಬಾಗಿದ ಮಂಡಿಯನ್ನು ಮೊದಲಿನಂತೆ ಮಾಡುವುದಲ್ಲ. ಇನ್ನೊಂದು ಕಡೆ, ಅಮೆರಿಕದಲ್ಲಿ 400ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಜ್ಜೆಯ ಸಾಂದ್ರ, ಕೊಬ್ಬಿನಿಂದ ತೆಗೆದ ಕೋಶ, ಹೊಕ್ಕುಳಬಳ್ಳಿಯ ಕೋಶ ಈ ಮೂರನ್ನೂ ಸಾಮಾನ್ಯ ಸ್ಟಿರಾಯ್ಡ್ ಇಂಜೆಕ್ಷನ್ನಿನೊಂದಿಗೆ ಹೋಲಿಸಿ ನೋಡಲಾಯಿತು. ಒಂದು ವರ್ಷದ ನಂತರ ಯಾವುದೂ ಸ್ಟಿರಾಯ್ಡಿಗಿಂತ ಮೇಲೆಂದು ಕಾಣಲಿಲ್ಲ. ತೀವ್ರ ಸವೆತಕ್ಕೆ ಮಂಡಿ ಬದಲಾವಣೆಯೇ ಇಂದಿಗೂ ಭರವಸೆಯ ದಾರಿ. ಮಂಡಿಗೆ ಕೊಡುವ ಪಿಆರ್‌ಪಿ ಇಂಜೆಕ್ಷನ್ನನ್ನೂ ಕೆಲವರು ಸ್ಟೆಮ್ ಸೆಲ್ ಎಂದು ಕರೆದು ಬಿಲ್ ಮಾಡುವುದುಂಟು. ಅದು ನಿಮ್ಮದೇ ರಕ್ತದ ಪ್ಲೇಟ್‌ಲೆಟ್‌ಗಳ ಸಾಂದ್ರ, ಅದರಲ್ಲಿ ಕಾಂಡಕೋಶವಿಲ್ಲ.

ನಮ್ಮೂರ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ. ಅಪ್ಪನ ಬೆನ್ನು ಬಗ್ಗುವುದಿಲ್ಲ. ಇದಕ್ಕೆ ಜೀನ್ ಚಿಕಿತ್ಸೆ ಬರುತ್ತದಾ?

ಇಲ್ಲ, ಬರಬೇಕಾದ ಅಗತ್ಯವೂ ಇಲ್ಲ. ಅರಸೀಕೆರೆ, ಕಡೂರು ಕಡೆಯ ಬಯಲು ಭಾಗದಲ್ಲಿ ಕಾಣುವ ಮೂಳೆಯ ಫ್ಲೋರೋಸಿಸ್‌ಗೆ ಕಾರಣ ಜೀನ್ ಅಲ್ಲ, ನೀರು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇದ್ದರೆ ಒಪ್ಪಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಸೇರಿದರೆ ಅಸ್ಥಿರಜ್ಜುಗಳೂ ಗಟ್ಟಿಯಾಗಿ ಬೆನ್ನು, ಕುತ್ತಿಗೆ ಬಿಗಿಯುತ್ತವೆ. ನೀರಿನ ಮೂಲ ಬದಲಾಯಿಸುವುದು ಮನೆಯ ಮಕ್ಕಳನ್ನು ಉಳಿಸುತ್ತದೆ. ಅಪ್ಪನವರಿಗೆ ನೋವಿನ ಚಿಕಿತ್ಸೆ, ವ್ಯಾಯಾಮ, ನರದ ಮೇಲೆ ಒತ್ತಡ ಬಿದ್ದಿದ್ದರೆ ಶಸ್ತ್ರಚಿಕಿತ್ಸೆ ಇವಿಷ್ಟೇ ದಾರಿ. ಇದಕ್ಕೆ ಕಾಂಡಕೋಶ ಕೊಡುತ್ತೇವೆ ಎನ್ನುವವರಿಂದ ದೂರವಿರುವುದು ಒಳ್ಳೆಯದು.

ಹಂದಿಗೋಡು ಕಾಯಿಲೆ ನಮ್ಮ ಕೊಪ್ಪ ಕಡೆಯೂ ಇದೆ ಅಂತಾರೆ. ಅದು ಜೀನ್ ಕಾಯಿಲೆ ಅಂದ ಮೇಲೆ ಜೀನ್ ಸರಿ ಮಾಡಬಹುದಲ್ಲವೇ?

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂದ ಈ ಕಾಯಿಲೆ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನ ಹಳ್ಳಿಗಳಲ್ಲಿ ಕಂಡುಬಂದಿದೆ. ಸೊಂಟ ಮತ್ತು ಮಂಡಿಯ ಕೀಲುಗಳು ನೋಯುತ್ತ ವಿಕಾರಗೊಳ್ಳುತ್ತವೆ. ಕೆಲವರಲ್ಲಿ ಬೆನ್ನುಮೂಳೆಯೂ ಬಾಧೆಗೊಳಗಾಗಿ ಎತ್ತರ ಕುಂಠಿತವಾಗುತ್ತದೆ. ಗದ್ದೆಗೆ ಹೊಡೆದ ಕೀಟನಾಶಕ ಮತ್ತು ಅಲ್ಲಿನ ಏಡಿ ತಿಂದದ್ದೇ ಕಾರಣ ಎಂಬ ಶಂಕೆ ಮೊದಲಿಗೆ ಇತ್ತು. ನಂತರದ ಅಧ್ಯಯನಗಳು ಇದು ತಂದೆ ಅಥವಾ ತಾಯಿ ಒಬ್ಬರಿಂದಲೇ ಮಕ್ಕಳಿಗೆ ದಾಟಬಲ್ಲ ವಂಶಪಾರಂಪರ್ಯ ಕಾಯಿಲೆ ಎಂದು ತೋರಿಸಿದವು. ಅಂದಮಾತ್ರಕ್ಕೆ ಚಿಕಿತ್ಸೆ ಕೈಗೆ ಬಂತೆಂದಲ್ಲ. ಜೀನ್ ಚಿಕಿತ್ಸೆಗೆ ಕೆಟ್ಟ ಜೀನ್ ಯಾವುದೆಂದು ಖಚಿತವಾಗಬೇಕು, ಅದು ಕೆಲಸ ಮಾಡುವ ಕೋಶವನ್ನು ತಲುಪಬೇಕು, ಅದೂ ಮಗುವಿನ ಕೀಲು ರೂಪುಗೊಳ್ಳುವ ವಯಸ್ಸು ಮೀರುವ ಮೊದಲು ಆಗಬೇಕು. ನಲವತ್ತರ ವಯಸ್ಸಿನಲ್ಲಿ ಆಕಾರ ಕಳೆದುಕೊಂಡ ಕೀಲನ್ನು ಜೀನ್ ತಿದ್ದಿ ಹಿಂದಕ್ಕೆ ತರಲಾಗದು. ಅವರಿಗೆ ಉಪಯೋಗಕ್ಕೆ ಬರುವುದು ಕೀಲು ಬದಲಾವಣೆ, ಪಿಂಚಣಿ ಮತ್ತು ಊರಿಗೆ ಬರುವ ಫಿಸಿಯೋಥೆರಪಿ. ಈ ಹಳ್ಳಿಗಳ ಜನ ಹಲವು ಸಲ ರಕ್ತ ಕೊಟ್ಟಿದ್ದಾರೆ, ಎಕ್ಸ್‌ರೇಗೆ ನಿಂತಿದ್ದಾರೆ. ಸಂಶೋಧನೆಯಿಂದ ಏನು ತಿಳಿಯಿತೆಂದು ಅವರಿಗೆ ಕನ್ನಡದಲ್ಲಿ ತಿಳಿಸುವುದು ಸಂಶೋಧಕರ ಸಾಲ ಎಂದೇ ನಮ್ಮ ಅಭಿಪ್ರಾಯ.

ತೋಟದಲ್ಲಿ ಮರಗಸಿ ಮಾಡುವಾಗ ಬಿದ್ದು ಕಾಲು ಮುರಿಯಿತು. ರಾಡ್ ಹಾಕಿ ಎಂಟು ತಿಂಗಳಾದರೂ ಮೂಳೆ ಕೂಡಿಕೊಂಡಿಲ್ಲ. ಸ್ಟೆಮ್ ಸೆಲ್ ಹಾಕಿಸಲಾ?

ಮೊದಲು ಕೂಡದಿರುವುದಕ್ಕೆ ಕಾರಣ ಹುಡುಕಬೇಕು: ಒಳಗೆ ಸೋಂಕು ಉಳಿದಿದೆಯೇ, ರಾಡ್ ಸಡಿಲವಾಗಿ ಮೂಳೆ ಅಲುಗುತ್ತಿದೆಯೇ, ಬೀಡಿ ಸೇದುವ ಅಭ್ಯಾಸವಿದೆಯೇ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ, ನಡುವೆ ಬಿಚ್ಚಿಸಿ ನಾಟಿ ಕಟ್ಟು ಹಾಕಿಸಿದ್ದಿರಾ. ಇವುಗಳನ್ನು ಸರಿಪಡಿಸದೆ ಯಾವ ಕೋಶ ಹಾಕಿದರೂ ವ್ಯರ್ಥ. ಸೊಂಟದ ಮೂಳೆಯ ಅಂಚಿನಿಂದ ರೋಗಿಯದೇ ಮೂಳೆ ತೆಗೆದು ಬಿರುಕಿಗೆ ತುಂಬುವ ಹಳೆಯ ವಿಧಾನವೇ ಈಗಲೂ ಮೊದಲ ಆಯ್ಕೆ, ಏಕೆಂದರೆ ಆ ಮೂಳೆಯಲ್ಲಿ ಜೀವಂತ ಕೋಶಗಳೂ ಅವು ನೆಲೆಸುವ ಚೌಕಟ್ಟೂ ಬೆಳವಣಿಗೆಯ ಸಂಕೇತಗಳೂ ಒಟ್ಟಿಗೇ ಇರುತ್ತವೆ. ಅಂಥ ಸಂಕೇತಗಳು ಇವೆ ಎಂದು ಅಮೆರಿಕದ ಮಾರ್ಷಲ್ ಯೂರಿಸ್ಟ್ 1965ರಲ್ಲೇ ತೋರಿಸಿದ್ದರು. ಅವರ ಸಂಶೋಧನೆಯಿಂದ ಹೊರಟ ಬಿಎಂಪಿ-2 ಪ್ರೋಟೀನ್ 2002ರಲ್ಲಿ ಅಲ್ಲಿ ಔಷಧವಾಗಿ ಮಾರುಕಟ್ಟೆಗೆ ಬಂತು. ಪ್ರೋಟೀನಿನ ಬದಲು ಅದೇ ಗುಂಪಿನ ಬಿಎಂಪಿ-6ರ ಜೀನನ್ನೇ ಮುರಿದ ಜಾಗದ ಕೋಶಗಳಿಗೆ ಅಲ್ಟ್ರಾಸೌಂಡ್ ನೆರವಿನಿಂದ ತಲುಪಿಸಿ, ತಾನಾಗಿ ಕೂಡದಷ್ಟು ದೊಡ್ಡ ಅಂತರವನ್ನು ಹಂದಿಗಳಲ್ಲಿ ಕೂಡಿಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಜೀನ್ ಚಿಕಿತ್ಸೆಯಿಂದ ಮೊದಲು ಲಾಭವಾಗುವ ಮೂಳೆ ತೊಂದರೆ ಬಹುಶಃ ಇದೇ ಇರಬಹುದು, ಏಕೆಂದರೆ ಇಲ್ಲಿ ಜೀನ್ ಕೆಲವು ವಾರ ಕೆಲಸ ಮಾಡಿದರೆ ಸಾಕು, ಇಡೀ ದೇಹಕ್ಕೆ ತಲುಪಬೇಕಿಲ್ಲ.

ಸ್ಟಿರಾಯ್ಡ್ ತಗೊಂಡ ಮೇಲೆ ಸೊಂಟದ ಕೀಲಿಗೆ ರಕ್ತ ಹೋಗುತ್ತಿಲ್ಲ, ಎವಿಎನ್ ಅಂದಿದ್ದಾರೆ. ನನಗಿನ್ನೂ ಮೂವತ್ತೆರಡು.

ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಅದು ಒಳಗಿನಿಂದ ಸಾಯುವ ಈ ಕಾಯಿಲೆಗೆ ದೀರ್ಘಕಾಲದ ಸ್ಟಿರಾಯ್ಡ್ ಮತ್ತು ಮದ್ಯ ಪ್ರಮುಖ ಕಾರಣಗಳು. ಎಲ್ಲಕ್ಕಿಂತ ಮುಖ್ಯ ಪ್ರಶ್ನೆ, ದುಂಡಗಿನ ತಲೆ ಕುಸಿದಿದೆಯೇ ಇಲ್ಲವೇ ಎಂಬುದು. ಮೊದಲ ಹಂತ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು, ಎಂಆರ್‌ಐ ಬೇಕು. ಕುಸಿಯುವ ಮೊದಲೇ ತಿಳಿದರೆ ಮೂಳೆಯಲ್ಲಿ ಸಣ್ಣ ರಂಧ್ರ ಕೊರೆದು ಒಳಒತ್ತಡ ಇಳಿಸುತ್ತಾರೆ; ಆ ರಂಧ್ರದ ಮೂಲಕ ಮಜ್ಜೆಯ ಸಾಂದ್ರವನ್ನೂ ತುಂಬುವ ವಿಧಾನವನ್ನು ಫ್ರಾನ್ಸಿನ ಫಿಲಿಪ್ ಎರ್ನಿಗು ಬೆಳೆಸಿದರು.

ಆ ಕೆಲಸ ನಡೆಯುವುದು ಹೀಗೆ. ಸೊಂಟಪಟ್ಟಿ ಕೂರುವ ಎಲುಬಿನ ಅಂಚಿಗೆ ದಪ್ಪ ಸೂಜಿಯನ್ನು ತಿರುಗಿಸುತ್ತ ಇಳಿಸಿ, ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ಮಜ್ಜೆ ಎಳೆಯುತ್ತಾರೆ. ಒಂದೇ ಜಾಗದಲ್ಲಿ ಹೆಚ್ಚು ಎಳೆದರೆ ಮಜ್ಜೆಯ ಬದಲು ಬರೀ ರಕ್ತ ಬರುತ್ತದೆ, ಆದ್ದರಿಂದ ಸೂಜಿಯ ಜಾಗವನ್ನು ಮತ್ತೆ ಮತ್ತೆ ಬದಲಿಸಬೇಕು. ಎಳೆದದ್ದನ್ನು ಯಂತ್ರದಲ್ಲಿ ತಿರುಗಿಸಿ, ಕೋಶಗಳು ದಟ್ಟವಾಗಿರುವ ತೆಳು ಪದರವನ್ನು ಬೇರ್ಪಡಿಸುತ್ತಾರೆ. ಅಷ್ಟಾದರೂ ಮಜ್ಜೆಯ ಹತ್ತು ಸಾವಿರದಿಂದ ಒಂದು ಲಕ್ಷ ಕೋಶಗಳಲ್ಲಿ ಒಂದು ಮಾತ್ರ ಮೆಸೆಂಕೈಮಲ್ ಕೋಶ. ಎಳೆಯುವವರ ಕೈ ಪಳಗಿರುವುದರ ಮೇಲೆ ಫಲಿತಾಂಶ ನಿಂತಿರುವುದು ಈ ಕಾರಣಕ್ಕೆ. ಲ್ಯಾಬಿನಲ್ಲಿ ರೋಗಿಯ ಮಜ್ಜೆಯಿಂದ ಮೂಳೆ ಕಟ್ಟುವ ಕೋಶಗಳನ್ನು ಬೆಳೆಸಿ ಕೊಡುವ ಮುಂಬೈ ಕಂಪನಿಯೊಂದರ ಉತ್ಪನ್ನಕ್ಕೂ 2017ರಲ್ಲಿ ನಮ್ಮ ದೇಶದಲ್ಲಿ ಅನುಮತಿ ದೊರೆತಿದೆ. ತಲೆ ಕುಸಿದ ಮೇಲೆ ಈ ಯಾವುದರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ.

ವಯಸ್ಸಾದವರ ಮೂಳೆ ಟೊಳ್ಳಾಗುವುದಕ್ಕೆ ಜೀನ್ ಸಂಶೋಧನೆಯಿಂದ ಏನಾದರೂ ಲಾಭ ಆಗಿದೆಯಾ?

ಆಗಿದೆ, ಆದರೆ ಜೀನ್ ಚಿಕಿತ್ಸೆಯ ರೂಪದಲ್ಲಲ್ಲ. ದಕ್ಷಿಣ ಆಫ್ರಿಕಾದ ಕೆಲವು ಕುಟುಂಬಗಳಲ್ಲಿ ಮೂಳೆ ಅತಿಯಾಗಿ ಬೆಳೆಯುವ ಸ್ಕ್ಲೀರೋಸ್ಟಿಯೋಸಿಸ್ ಎಂಬ ಅಪರೂಪದ ಕಾಯಿಲೆಯಿದೆ. ಅವರಲ್ಲಿ ಸ್ಕ್ಲೀರೋಸ್ಟಿನ್ ಎಂಬ ಪ್ರೋಟೀನಿನ ಜೀನ್ ಕೆಟ್ಟಿದೆ ಎಂದು 2001ರಲ್ಲಿ ತಿಳಿಯಿತು. ಹಾಗಾದರೆ ಆಸ್ಟಿಯೋಪೊರೋಸಿಸ್ ಇರುವವರಲ್ಲಿ ಆ ಪ್ರೋಟೀನನ್ನು ತಡೆದರೆ ಮೂಳೆ ಬೆಳೆಯಬೇಕಲ್ಲವೇ ಎಂಬ ತರ್ಕದಿಂದ ಹುಟ್ಟಿದ ರೊಮೊಸೊಝುಮ್ಯಾಬ್ ಎಂಬ ಇಂಜೆಕ್ಷನ್ 2019ರಲ್ಲಿ ಬಳಕೆಗೆ ಬಂತು. ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿ ವರ್ಷ ತುಂಬದವರಿಗೆ ಅದನ್ನು ಕೊಡುವಂತಿಲ್ಲ. ಹೆಚ್ಚಿನವರಿಗೆ ಹಳೆಯ ಬಿಸ್‌ಫಾಸ್ಫೊನೇಟ್ ಔಷಧಿಗಳು, ವಿಟಮಿನ್ ಡಿ ಮತ್ತು ಬಚ್ಚಲಲ್ಲಿ ಜಾರದಂತೆ ನೋಡಿಕೊಳ್ಳುವುದು ಸಾಕಾಗುತ್ತದೆ.

## ಹುಟ್ಟಿನಿಂದ ಬರುವ ಮೂಳೆ ರೋಗಗಳು

ಮಗುವಿನ ಮೂಳೆ ಕಲ್ಲಿನಂತಾಗಿದೆ, ಕಣ್ಣು ಮಂಜಾಗುತ್ತಿದೆ, ಮಜ್ಜೆ ಕಸಿ ಮಾಡಬೇಕು ಅಂದಿದ್ದಾರೆ. ಮೂಳೆ ರೋಗಕ್ಕೆ ರಕ್ತದ ಚಿಕಿತ್ಸೆ ಯಾಕೆ?

ಆಸ್ಟಿಯೋಪೆಟ್ರೋಸಿಸ್ ಎಂಬ ಈ ರೋಗದಲ್ಲಿ ಕೆಟ್ಟಿರುವುದು ಮೂಳೆ ಕರಗಿಸುವ ಕೋಶ. ಅದು ಕೆಲಸ ಮಾಡದೆ ಮೂಳೆ ದಟ್ಟವಾಗುತ್ತ ಹೋಗುತ್ತದೆ, ಮಜ್ಜೆಗೆ ಜಾಗವಿಲ್ಲದೆ ರಕ್ತ ಕಡಿಮೆಯಾಗುತ್ತದೆ, ಕಣ್ಣಿನ ನರ ಹಾಯುವ ರಂಧ್ರ ಕಿರಿದಾಗಿ ದೃಷ್ಟಿ ಹೋಗುತ್ತದೆ. ಕರಗಿಸುವ ಕೋಶ ರಕ್ತದ ಕಾಂಡಕೋಶದಿಂದಲೇ ಹುಟ್ಟುವ ಕಾರಣ, ಆರೋಗ್ಯವಂತ ದಾನಿಯ ಮಜ್ಜೆ ಕೊಟ್ಟರೆ ಸರಿಯಾದ ಕೋಶಗಳು ಬರುತ್ತವೆ. 1980ರಲ್ಲೇ ಇದು ಮಗುವೊಂದರಲ್ಲಿ ಸಾಬೀತಾಯಿತು. ಮೂಳೆ ರೋಗಗಳ ಪೈಕಿ ಕಾಂಡಕೋಶ ಕಸಿ ನಿಜವಾಗಿ ಗುಣಪಡಿಸುವುದೆಂದರೆ ಮುಖ್ಯವಾಗಿ ಇದನ್ನೇ.

ಎರಡು ಮಾತು ನೆನಪಿರಲಿ. ಹೋದ ದೃಷ್ಟಿ ಕಸಿಯಿಂದ ಮರಳುವುದಿಲ್ಲ, ಆದ್ದರಿಂದ ತಡಮಾಡುವಂತಿಲ್ಲ. ಇನ್ನೊಂದು, ಎಲ್ಲ ಆಸ್ಟಿಯೋಪೆಟ್ರೋಸಿಸ್‌ಗೂ ಕಸಿ ಹಿಡಿಯದು: ರ‍್ಯಾಂಕ್‌ಎಲ್ ಎಂಬ ಪ್ರೋಟೀನಿನ ಕೊರತೆಯಿಂದ ಬರುವ ಬಗೆಯಲ್ಲಿ ತಪ್ಪಿರುವುದು ಕಟ್ಟುವ ಕೋಶದ ಕಡೆಯಿಂದ ಬರಬೇಕಾದ ಸಂಕೇತ, ಅಲ್ಲಿ ರಕ್ತದ ಕಸಿ ಉಪಯೋಗಕ್ಕೆ ಬಾರದು. ಹಾಗಾಗಿ ಕಸಿಗೆ ಮೊದಲು ಜೀನ್ ಪರೀಕ್ಷೆ ಆಗಲೇಬೇಕು. ಮಕ್ಕಳ ತೀವ್ರ ರೂಪದ ರೋಗ ಬರುವುದು ಹೆಚ್ಚಾಗಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ಮಾಡುವ ಮದುವೆಗಳಲ್ಲಿ ಈ ಸಾಧ್ಯತೆ ಏರುತ್ತದೆ. ಇಬ್ಬರೂ ಕೆಟ್ಟ ಜೀನ್ ಹೊತ್ತಿರುವ ದಂಪತಿಗೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿದ್ದು, ಮುಂದಿನ ಗರ್ಭಕ್ಕೆ ಮೊದಲೇ ಆನುವಂಶಿಕ ಸಲಹೆ ಪಡೆಯುವುದು ಒಳಿತು.

ನಮ್ಮ ಹುಡುಗಿಗೆ ಮುಟ್ಟಿದರೆ ಮೂಳೆ ಮುರಿಯುವ ಕಾಯಿಲೆ. ಅವಳಿಗೂ ಮಜ್ಜೆ ಕಸಿ ಮಾಡಿಸಬಹುದಾ?

ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾದಲ್ಲಿ ಕೆಟ್ಟಿರುವುದು ಹೆಚ್ಚಾಗಿ ಕೊಲಾಜೆನ್ ಜೀನ್, ಅಂದರೆ ಕಟ್ಟುವ ಕೋಶದ ಕೆಲಸ. 1999ರಲ್ಲಿ ಅಮೆರಿಕದಲ್ಲಿ ಮೂರು ಮಕ್ಕಳಿಗೆ ಮಜ್ಜೆ ಕಸಿ ಮಾಡಿದ ವರದಿ ಬಂದಾಗ ದೊಡ್ಡ ಆಸೆ ಹುಟ್ಟಿತ್ತು. ಮಕ್ಕಳು ಕೆಲಕಾಲ ಚೆನ್ನಾಗಿ ಬೆಳೆದರು, ಮುರಿತ ಕಡಿಮೆಯಾಯಿತು. ಆದರೆ ಮೂಳೆ ಕಟ್ಟುವ ಕೋಶಗಳಲ್ಲಿ ದಾನಿಯವು ಇದ್ದದ್ದು ನೂರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ, ಬೆಳವಣಿಗೆಯ ವೇಗವೂ ಕ್ರಮೇಣ ಇಳಿಯಿತು. ಅಷ್ಟಕ್ಕಾಗಿ ಮಗುವನ್ನು ಕಸಿಯ ಅಪಾಯಕ್ಕೆ ಒಡ್ಡುವುದು ಈಗ ರೂಢಿಯಲ್ಲಿಲ್ಲ. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ನೇತೃತ್ವದಲ್ಲಿ ಭ್ರೂಣಮೂಲದ ಮೆಸೆಂಕೈಮಲ್ ಕೋಶಗಳನ್ನು ಹುಟ್ಟಿದ ಮೇಲೆ, ಕೆಲವರಿಗೆ ಗರ್ಭದಲ್ಲಿರುವಾಗಲೇ ಕೊಟ್ಟು ನೋಡುವ ಟ್ರಯಲ್ ನಡೆದಿದೆ. ಸದ್ಯಕ್ಕೆ ನಿಮ್ಮ ಮಗಳಿಗೆ ದೊರೆಯುವ ಭದ್ರ ನೆರವೆಂದರೆ ಮೂಳೆ ಕರಗುವುದನ್ನು ತಡೆಯುವ ಪ್ಯಾಮಿಡ್ರೊನೇಟ್ ಅಥವಾ ಝೊಲೆಡ್ರೊನೇಟ್ ಡ್ರಿಪ್, ಕಾಲಿನ ಮೂಳೆಯೊಳಗೆ ಅವಳ ಜೊತೆಗೇ ಉದ್ದವಾಗುವ ರಾಡ್, ಮತ್ತು ನೀರಿನಲ್ಲಿ ಮಾಡಿಸುವ ವ್ಯಾಯಾಮ. ಶಾಲೆ ಬಿಡಿಸಬೇಡಿ.

ಕುಳ್ಳಾಗಿ ಬೆಳೆಯುವ ಮಕ್ಕಳಿಗೆ, ವಿಟಮಿನ್ ಕೊಟ್ಟರೂ ವಾಸಿಯಾಗದ ರಿಕೆಟ್ಸ್‌ಗೆ ಏನಿದೆ?

ಇವುಗಳಲ್ಲಿ ಜೀನ್ ಪತ್ತೆಯಾದ ಮೇಲೆ ಔಷಧ ಬಂದಿದೆ: ಕೈಕಾಲು ಗಿಡ್ಡವಾಗುವ ಅಕಾಂಡ್ರೊಪ್ಲೇಸಿಯಾಕ್ಕೆ 2021ರಲ್ಲಿ ವೊಸೊರಿಟೈಡ್, ಫಾಸ್ಫೇಟ್ ಸೋರಿಹೋಗುವ ವಂಶಪಾರಂಪರ್ಯ ರಿಕೆಟ್ಸ್‌ಗೆ 2018ರಲ್ಲಿ ಬುರೊಸುಮ್ಯಾಬ್, ಮೂಳೆಯಲ್ಲಿ ಹರಳು ಸರಿಯಾಗಿ ಕೂರದ ಹೈಪೊಫಾಸ್ಫಟೇಸಿಯಾಕ್ಕೆ 2015ರಲ್ಲಿ ಅಸ್ಫೊಟೇಸ್ ಆಲ್ಫಾ ವಿದೇಶಗಳಲ್ಲಿ ಮಂಜೂರಾದವು. ಬೆಲೆ ಮಾತ್ರ ಸಾಮಾನ್ಯರ ಕೈಗೆಟುಕದಷ್ಟು.

ಹೆರಿಗೆ ಸಮಯದಲ್ಲಿ ಹೊಕ್ಕುಳಬಳ್ಳಿ ರಕ್ತ ಕೂಡಿಡಿ, ಮುಂದೆ ಮೂಳೆ ಕಾಯಿಲೆ ಬಂದರೆ ಬೇಕಾಗುತ್ತದೆ ಅಂತಾರೆ. ಇಡಬೇಕಾ?

ಬೇಡ. ಮಗುವಿಗೆ ಜೀನ್ ದೋಷವಿದ್ದರೆ ಅದೇ ದೋಷ ಆ ರಕ್ತದಲ್ಲೂ ಇರುತ್ತದೆ. ಮುಂದೆಂದೋ ಬೇಕಾದೀತೆಂದು ಖಾಸಗಿಯಾಗಿ ಕೂಡಿಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಶಿಫಾರಸು ಮಾಡುವುದಿಲ್ಲ. ಮನೆಯಲ್ಲಿ ಈಗಾಗಲೇ ಕಸಿ ಬೇಕಾಗಿರುವ ಅಣ್ಣನೋ ಅಕ್ಕನೋ ಇದ್ದರೆ ಮಾತ್ರ ವಿಷಯ ಬೇರೆ.

## ಹಣ, ಕಾನೂನು, ಟ್ರಯಲ್

ಒಂದು ಕ್ಲಿನಿಕ್‌ನವರು ಎರಡೂವರೆ ಲಕ್ಷ ಕಟ್ಟಿ ಅಂತಾರೆ, ಸರ್ಕಾರದ ಅನುಮತಿ ಇದೆ ಅಂತಾರೆ. ನಂಬಬಹುದಾ?

ಅನುಮತಿ ಯಾವುದಕ್ಕೆ ಎಂದು ಕೇಳಿ. ಓದುಗರೊಬ್ಬರು ಕಳಿಸಿದ ಅಂಥ ಕರಪತ್ರದಲ್ಲಿ ಮಂಡಿ, ಬೆನ್ನು, ಸಕ್ಕರೆ ಕಾಯಿಲೆ, ಪಾರ್ಶ್ವವಾಯು ಎಲ್ಲಕ್ಕೂ ಒಂದೇ ಇಂಜೆಕ್ಷನ್ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ನೋಂದಣಿ ಸಂಖ್ಯೆ ಕಟ್ಟಡದಲ್ಲಿ ಕ್ಲಿನಿಕ್ ನಡೆಸುವ ಪರವಾನಗಿಯದಾಗಿತ್ತೇ ಹೊರತು ಚಿಕಿತ್ಸೆಯದಲ್ಲ. 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ರಕ್ತದ ಕಾಂಡಕೋಶ ಕಸಿಯನ್ನು ಅದರ ಒಪ್ಪಿತ ರೋಗಗಳಿಗೆ ಬಳಸುವುದು ಬಿಟ್ಟರೆ ಉಳಿದ ಕಾಂಡಕೋಶ ಪ್ರಯೋಗಗಳೆಲ್ಲ ಟ್ರಯಲ್ ಆಗಿ ಮಾತ್ರ ನಡೆಯಬೇಕು. ಔಷಧ ಮಹಾನಿಯಂತ್ರಕರು ಮಂಜೂರು ಮಾಡಿದ ಉತ್ಪನ್ನವಾದರೆ ಅದನ್ನು ಮಂಜೂರಾದ ಕಾಯಿಲೆಗೆ ಬಳಸಬಹುದು. ಟ್ರಯಲ್ ಎಂದಾದರೆ ಪ್ರಯೋಗದ ಚಿಕಿತ್ಸೆಗೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಹಣವನ್ನೂ ಕೇಳಿ 'ಇದು ಸಂಶೋಧನೆ' ಎಂದೂ ಹೇಳಿದರೆ ಎದ್ದು ಬನ್ನಿ.

ಟ್ರಯಲ್‌ಗೆ ಸೇರುವುದೆಂದರೆ ನಮ್ಮನ್ನು ಇಲಿಯ ಹಾಗೆ ಬಳಸಿಕೊಂಡ ಹಾಗಲ್ಲವಾ?

ಸರಿಯಾದ ಟ್ರಯಲ್‌ನಲ್ಲಿ ಹಾಗಾಗದು. 2009ರಿಂದ ಪ್ರತಿ ಟ್ರಯಲ್ ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ನೋಂದಣಿಯಾಗಬೇಕು. ಯಾರು ಬೇಕಾದರೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಇಂಗ್ಲಿಷ್ ಹಾಳೆ ಕೊಟ್ಟು ಸಹಿ ಕೇಳಿದರೆ ಕನ್ನಡದ್ದು ಕೇಳಿ ಪಡೆಯಿರಿ, ಮನೆಗೆ ತಂದು ಓದಿ. ಬಿಟ್ಟುಬರುವ ಹಕ್ಕು ಯಾವಾಗಲೂ ನಿಮ್ಮದೇ.

ಹಾಸನದಿಂದ ಎಲ್ಲಿಗೆ ಹೋಗಬೇಕು, ಸರ್ಕಾರದ ಸಹಾಯ ಸಿಗುತ್ತದಾ?

ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್ ಅಥವಾ ಚಿಕ್ಕಮಗಳೂರು ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗದಿಂದ ಆರಂಭಿಸಿ, ರೆಫರಲ್ ಪತ್ರ ಪಡೆಯಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೂ ಅದು ಬೇಕಾಗುತ್ತದೆ. ಅಪರೂಪದ ವಂಶಪಾರಂಪರ್ಯ ರೋಗವಾದರೆ 2021ರ ರಾಷ್ಟ್ರೀಯ ನೀತಿಯಡಿ ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿದೆ. ಕರ್ನಾಟಕದಲ್ಲಿ ಆ ಕೇಂದ್ರ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿ. ಒಂದೇ ಸಲದ ಚಿಕಿತ್ಸೆಯಿಂದ ಗುಣವಾಗಬಲ್ಲ ರೋಗಗಳ ಪಟ್ಟಿಯಲ್ಲಿ ಆಸ್ಟಿಯೋಪೆಟ್ರೋಸಿಸ್ ಇದೆ.

## ಆಳದ ಪ್ರಶ್ನೆಗಳು

ರಕ್ತದ ಕಾಯಿಲೆಗಳಿಗೆ ಜೀನ್ ಚಿಕಿತ್ಸೆ ಬಂದೇ ಬಿಟ್ಟಿದೆ. ಮೂಳೆಗೆ ಯಾಕೆ ಇಷ್ಟು ತಡ?

ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫೀಲಿಯಾಕ್ಕೆ ವೆಲ್ಲೂರಿನ ಸಿಎಂಸಿಯಲ್ಲಿ ಐವರು ರೋಗಿಗಳ ಕಾಂಡಕೋಶಗಳನ್ನು ತಿದ್ದಿ ಕೊಟ್ಟು ಯಶಸ್ಸು ಕಂಡ ವರದಿ 2024ರ ಡಿಸೆಂಬರಿನಲ್ಲಿ ಬಂದಿದೆ. ಅಂದರೆ ತಂತ್ರ ನಮ್ಮ ಪಕ್ಕದಲ್ಲೇ ಇದೆ. ಮೂಳೆಯ ತೊಡಕುಗಳು ಬೇರೆ. ರಕ್ತದ ಕಾಂಡಕೋಶವನ್ನು ರಕ್ತಕ್ಕೆ ಬಿಟ್ಟರೆ ಅದು ತಾನಾಗಿ ಮಜ್ಜೆಯನ್ನು ಸೇರುತ್ತದೆ. ಮೆಸೆಂಕೈಮಲ್ ಕೋಶವನ್ನು ಹಾಗೆ ಬಿಟ್ಟರೆ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಜೀನ್ ಒಯ್ಯುವ ಎಎವಿ ವೈರಸ್ಸುಗಳಿಗೆ ಯಕೃತ್ತು ಸುಲಭ, ಗಟ್ಟಿ ಮೂಳೆಯೊಳಗೆ ಹುದುಗಿದ ಕೋಶ ಕಷ್ಟ.

ಅದಕ್ಕಿಂತ ಕಠಿಣವಾದದ್ದು ದೋಷದ ಸ್ವಭಾವ. ಕೊಲಾಜೆನ್ ಮೂರು ಎಳೆಗಳನ್ನು ಹೊಸೆದ ಹಗ್ಗ. ಒಂದು ಎಳೆ ಕೆಟ್ಟರೂ ಹಗ್ಗವೇ ಕೆಡುತ್ತದೆ. ಹಾಗಾಗಿ ಸರಿಯಾದ ಜೀನನ್ನು ಸೇರಿಸಿದರೆ ಸಾಲದು, ಕೆಟ್ಟದ್ದನ್ನು ಮಾತ್ರ ಆರಿಸಿ ಬಾಯಿ ಮುಚ್ಚಿಸಬೇಕು. ಜೀನನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್ ಮತ್ತು ಜೀನಿನ ಸಂದೇಶವನ್ನು ತಡೆಯುವ ಆರ್‌ಎನ್‌ಎ ತಂತ್ರಗಳು ಇದನ್ನು ಮಾಡಬಲ್ಲವು ಎಂದು ಲ್ಯಾಬಿನ ಕೋಶಗಳಲ್ಲಿ ಕಂಡಿದೆ, ಆದರೆ ಕೊಲಾಜೆನ್ ಜೀನಿನಲ್ಲಿ ನೂರಾರು ಬಗೆಯ ದೋಷಗಳಿದ್ದು ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದದು. ತಪ್ಪಿರುವುದು ಕಿಣ್ವದ ಕೊರತೆಯಾದಾಗ ದಾರಿ ಸಲೀಸು. ಒಂದು ಕಿಣ್ವದ ಕೊರತೆಯಿಂದ ಮೂಳೆ, ಕೀಲುಗಳೂ ಕೆಡುವ ಹರ್ಲರ್ ಎಂಬ ರೋಗದ ಎಂಟು ಮಕ್ಕಳಿಗೆ ಇಟಲಿಯ ಮಿಲಾನಿನಲ್ಲಿ ಅವರದೇ ರಕ್ತದ ಕಾಂಡಕೋಶಗಳನ್ನು ತಿದ್ದಿ ಕೊಟ್ಟ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಮಕ್ಕಳ ಬೆಳವಣಿಗೆ ಮತ್ತು ಕೀಲುಗಳ ಚಲನೆಯಲ್ಲೂ ಸುಧಾರಣೆ ಕಂಡಿತು. ತಿದ್ದಿದ ರಕ್ತಕೋಶ ಸುರಿಸುವ ಕಿಣ್ವವನ್ನು ಸುತ್ತಲಿನ ಕೋಶಗಳು ಹೀರಿಕೊಳ್ಳುತ್ತವೆ, ಹೀಗಾಗಿ ಪ್ರತಿ ಮೂಳೆಕೋಶವನ್ನೂ ತಲುಪುವ ಅಗತ್ಯ ಬೀಳಲಿಲ್ಲ.

ಜೀನ್ ತಿದ್ದಿದ ಮೇಲೆ ಏನಾದರೂ ಎಡವಟ್ಟಾದರೆ ವಾಪಸ್ ತೆಗೆಯಲು ಆಗುತ್ತದಾ?

ಬಹುಮಟ್ಟಿಗೆ ಆಗುವುದಿಲ್ಲ, ಆದ್ದರಿಂದಲೇ ಇಷ್ಟು ನಿಧಾನ. 1999ರಲ್ಲಿ ಅಮೆರಿಕದ ಹದಿನೆಂಟರ ತರುಣ ಜೆಸ್ಸಿ ಗೆಲ್ಸಿಂಗರ್ ವೈರಸ್ ವಾಹಕಕ್ಕೆ ದೇಹ ತೋರಿದ ತೀವ್ರ ಪ್ರತಿಕ್ರಿಯೆಯಿಂದ ತೀರಿಕೊಂಡ. ಫ್ರಾನ್ಸಿನಲ್ಲಿ ರೋಗನಿರೋಧಕ ಶಕ್ತಿಯ ಕೊರತೆಗೆ ಜೀನ್ ಚಿಕಿತ್ಸೆ ಪಡೆದ ಕೆಲವು ಮಕ್ಕಳಲ್ಲಿ, ಸೇರಿಸಿದ ಜೀನ್ ತಪ್ಪು ಜಾಗದಲ್ಲಿ ಕೂತು ರಕ್ತದ ಕ್ಯಾನ್ಸರ್ ಬಂದದ್ದು 2002ರ ಹೊತ್ತಿಗೆ ಗೊತ್ತಾಯಿತು. ಕೀಲಿನ ವಿಷಯದಲ್ಲೇ ಒಂದು ಉದಾಹರಣೆ ಇದೆ: ಮಂಡಿ ಸವೆತಕ್ಕೆಂದು ದಕ್ಷಿಣ ಕೊರಿಯಾದಲ್ಲಿ 2017ರಲ್ಲಿ ಮಂಜೂರಾದ ಇನ್ವೊಸ್ಸಾ ಎಂಬ ಕೋಶ-ಜೀನ್ ಚಿಕಿತ್ಸೆಯಲ್ಲಿ, ಜೀನ್ ಸೇರಿಸಿದ್ದ ಕೋಶಗಳು ದಾಖಲೆಯಲ್ಲಿ ಹೇಳಿದಂತೆ ಮೃದ್ವಸ್ಥಿಯವಲ್ಲ, ಮೂತ್ರಪಿಂಡ ಮೂಲದವು ಎಂದು ಪತ್ತೆಯಾಗಿ 2019ರಲ್ಲಿ ಅನುಮತಿ ರದ್ದಾಯಿತು. ಅಷ್ಟರಲ್ಲಿ ಸಾವಿರಾರು ಮಂದಿ ಅದನ್ನು ಚುಚ್ಚಿಸಿಕೊಂಡಾಗಿತ್ತು. ವಾಹಕಗಳು ಈಗ ಬದಲಾಗಿವೆ, ಪರೀಕ್ಷೆಗಳು ಬಿಗಿಯಾಗಿವೆ. ಜೀನನ್ನು ವರ್ಣತಂತುವಿನೊಳಗೇ ಸೇರಿಸುವ ಚಿಕಿತ್ಸೆ ಪಡೆದವರನ್ನು 15 ವರ್ಷ ಗಮನಿಸುತ್ತಿರಬೇಕೆಂದು ಅಮೆರಿಕದ ನಿಯಂತ್ರಕರು ಹೇಳುತ್ತಾರೆ. ಆದ್ದರಿಂದ ಇಂಥ ಟ್ರಯಲ್‌ಗೆ ಮಗುವನ್ನು ಸೇರಿಸುವ ಮುನ್ನ, ಆ ಮಗು ಕಾಲೇಜು ಮುಗಿಸುವ ತನಕ ವರ್ಷವರ್ಷವೂ ತಪಾಸಣೆಗೆ ಕರೆದೊಯ್ಯುವವರು ಯಾರು, ಓಡಾಟದ ಖರ್ಚು ಯಾರದು ಎಂಬುದನ್ನು ಒಪ್ಪಿಗೆ ಪತ್ರದಲ್ಲೇ ಬರೆಸಿಕೊಳ್ಳಿ.